ಸಮಾನತೆಯ ದಂಡವನ್ನು ತೆರುವವರಾರು? ‘ತಲೆದಂಡ’ ನಾಟಕದಲ್ಲಿ ವರ್ಗ ಮತ್ತು ನೈತಿಕ ಹೊಣೆ

ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕವು 1990ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಮಂಡಲ ವರದಿ ಹಾಗೂ ಅಯೋಧ್ಯೆಯ ವಿವಾದಗಳು ದೇಶವನ್ನು ಕಲಕುತ್ತಿದ್ದ ವರ್ಷ ಅದು. ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆಯನ್ನು ಆ ದಿನಗಳ ಕನ್ನಡಿಯಾಗಿ ಓದುವುದು ರೂಢಿಯಾಗಿದೆ. ಆ ಓದು ಸರಿಯಾದುದೇ. ಆದರೆ ದೈವಶಾಸ್ತ್ರದ ವಿದ್ಯಾರ್ಥಿಗೆ ಈ ಕೃತಿ ಇನ್ನೊಂದು ಪ್ರಶ್ನೆಯನ್ನು ಒಡ್ಡುತ್ತದೆ. ಅದು ಶೀರ್ಷಿಕೆಯಲ್ಲಿಯೇ ಅಡಗಿದೆ. ತಲೆದಂಡವೆಂದರೆ ತಲೆಯನ್ನೇ ದಂಡವಾಗಿ ತೆರುವುದು. ಸಮಾನತೆಯನ್ನು ಸಾರುವವರು ಒಬ್ಬರು, ಅದರ ದಂಡ ತೆರುವವರು ಮತ್ತೊಬ್ಬರು ಎಂದಾದರೆ, ಸಾರಿದವರ ಹೊಣೆ ಎಲ್ಲಿಯವರೆಗೆ ಹೋಗುತ್ತದೆ?

ವರ್ಗ ಮತ್ತು ಹೊಣೆಯ ಪ್ರಶ್ನೆಯನ್ನು ರಂಗದ ಮೇಲೆ ತಂದ ಪಾಶ್ಚಾತ್ಯ ನಾಟಕಗಳಲ್ಲಿ ಜೆ. ಬಿ. ಪ್ರೀಸ್ಟ್‌ಲಿಯ ‘ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್’ ಪ್ರಸಿದ್ಧವಾದುದು. ಅಲ್ಲಿ ಬಡ ಯುವತಿಯೊಬ್ಬಳ ಸಾವಿಗೆ ಸಿರಿವಂತ ಕುಟುಂಬದ ಪ್ರತಿಯೊಬ್ಬರೂ ಪಾಲುದಾರರು. ಅವರ ಅಪರಾಧ ನಿರ್ಲಕ್ಷ್ಯ ಮತ್ತು ಸ್ವಾರ್ಥ. ‘ತಲೆದಂಡ’ದ ಸಮಸ್ಯೆ ಇದಕ್ಕಿಂತ ಕಠಿಣ. ಇಲ್ಲಿ ಅನಾಹುತಕ್ಕೆ ದಾರಿಯಾಗುವುದು ಒಂದು ಸತ್ಕಾರ್ಯ. ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸನ ಮಗಳು ಕಲಾವತಿಯನ್ನು ಚಮ್ಮಾರ ಶರಣ ಹರಳಯ್ಯನ ಮಗ ಶೀಲವಂತನಿಗೆ ಕೊಡಲು ಎರಡೂ ಮನೆಯವರು ಒಪ್ಪುತ್ತಾರೆ. ಶರಣರ ನಂಬಿಕೆಯ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ಆದರೂ ಈ ಮದುವೆಯಿಂದ ಕಲ್ಯಾಣವೇ ಹೊತ್ತಿ ಉರಿಯುತ್ತದೆ.

ಮುಂದೆ ಬರಲಿರುವ ಎಲ್ಲದರ ಬೀಜವನ್ನು ಕಾರ್ನಾಡರು ಮೊದಲ ದೃಶ್ಯದಲ್ಲಿಯೇ ಬಿತ್ತಿದ್ದಾರೆ. ಬ್ರಾಹ್ಮಣ ತರುಣ ಜಗದೇವನು ತನ್ನ ಗೆಳೆಯ, ಕೆಳಜಾತಿಯ ಮಲ್ಲಿಬೊಮ್ಮನನ್ನು ಅಗ್ರಹಾರದ ತನ್ನ ಮನೆಗೆ ಕರೆತರುತ್ತಾನೆ. ಮಲ್ಲಿಬೊಮ್ಮ ಹೊಸ್ತಿಲಲ್ಲಿ ಹಿಂಜರಿಯುತ್ತಾನೆ. ತಾನು ಈ ಕೇರಿಗೆ ಕಾಲಿಟ್ಟದ್ದು ತಿಳಿದರೆ ತನ್ನ ತಂದೆಯೇ ಸುಮ್ಮನಿರಲಾರನೆಂಬ ಅಂಜಿಕೆ ಅವನದು. ಜಗದೇವನಿಗೆ ಈ ಅಂಜಿಕೆ ಹೇಡಿತನವಾಗಿ ಕಾಣುತ್ತದೆ. ಇಬ್ಬರ ನಂಬಿಕೆ ಒಂದೇ ಆಗಿದ್ದರೂ ಆ ನಂಬಿಕೆಯ ಬೆಲೆ ಇಬ್ಬರಿಗೂ ಒಂದೇ ಆಗಿಲ್ಲ. ಜಗದೇವನ ಬಂಡಾಯವನ್ನು ಮನೆಯವರು ಕಣ್ಣೀರಿನೊಡನೆ ಸಹಿಸಬಲ್ಲರು. ಮಲ್ಲಿಬೊಮ್ಮನ ಬಂಡಾಯಕ್ಕೆ ಅವನ ಕೇರಿಯೆಲ್ಲವೂ ಉತ್ತರ ಹೇಳಬೇಕಾದೀತು. ಮೇಲಿನವನ ಧೈರ್ಯಕ್ಕೂ ಕೆಳಗಿನವನ ಎಚ್ಚರಕ್ಕೂ ಒಂದೇ ಅಳತೆಗೋಲು ಸಲ್ಲದೆಂಬುದನ್ನು ಈ ಸಣ್ಣ ಪ್ರಸಂಗ ಯಾವ ಉಪದೇಶವೂ ಇಲ್ಲದೆ ಮನಗಾಣಿಸುತ್ತದೆ.

ಮದುವೆಯ ಸುದ್ದಿ ಬಂದಾಗ ಶರಣರು ಹರ್ಷಿಸುತ್ತಾರೆ, ಬಸವಣ್ಣ ಮಾತ್ರ ಕಳವಳಗೊಳ್ಳುತ್ತಾನೆ. ವರ್ಣವ್ಯವಸ್ಥೆಯ ಬೇರಿಗೇ ಬೀಳುವ ಈ ಪೆಟ್ಟನ್ನು ಪ್ರಭುತ್ವ ಸಹಿಸದೆಂದು ಅವನಿಗೆ ಗೊತ್ತು. ನಾಟಕದ ನೈತಿಕ ಕೇಂದ್ರವಿರುವುದು ಈ ದೃಶ್ಯದಲ್ಲಿ. ಒಪ್ಪಿದರೆ ನಿರಪರಾಧಿಗಳ ರಕ್ತ ಹರಿಯುತ್ತದೆ. ಒಪ್ಪದಿದ್ದರೆ ತಾನು ಇಷ್ಟು ಕಾಲ ಬೋಧಿಸಿದ್ದೆಲ್ಲ ಬರಿಯ ಮಾತಾಗುತ್ತದೆ. ಚಮ್ಮಾರಿಕೆಯ ಮನೆಯಲ್ಲಿ ಮಗಳು ಹೇಗೆ ಬಾಳಿಯಾಳೆಂಬ ತಾಯಿ ಲಲಿತಾಂಬೆಯ ತಳಮಳವನ್ನೂ ಕಾರ್ನಾಡರು ಮರೆಮಾಚಿಲ್ಲ. ಸಿದ್ಧಾಂತವನ್ನು ಮನಸ್ಸು ಒಪ್ಪಿದ ಮೇಲೂ ದೇಹ ಒಪ್ಪಬೇಕಾದುದು ಉಳಿದಿರುತ್ತದೆ. ಜಾತಿ ನೆಲೆಸಿರುವುದು ವಾಸನೆ, ಸ್ಪರ್ಶ, ಊಟಗಳಲ್ಲಿ ಎಂಬ ಸತ್ಯವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ದೃಶ್ಯಗಳು ನಮ್ಮ ರಂಗಭೂಮಿಯಲ್ಲಿ ಹೆಚ್ಚಿಲ್ಲ.

ಬಿಜ್ಜಳನ ಪಾತ್ರವೂ ಇದೇ ಪ್ರಶ್ನೆಯ ಮತ್ತೊಂದು ಮುಖ. ಕ್ಷೌರಿಕ ಕುಲದಿಂದ ಮೇಲೇರಿದ ಅರಸನಿಗೆ, ಎಷ್ಟು ದಾನಧರ್ಮ ಮಾಡಿದರೂ ಮೈಗಂಟಿದ ಜಾತಿ ತೊಳೆದುಹೋಗದೆಂಬ ಕಹಿ ಅರಿವಿದೆ. ಮದುವೆಯನ್ನು ತಡೆಯಲು ಬಂದವನು ಬಸವಣ್ಣನ ಮುಂದೆ ಮಣಿಯುತ್ತಾನೆ. ಆ ಮಣಿತವೇ ಅವನಿಗೆ ಮುಳುವಾಗುತ್ತದೆ. ದಾಮೋದರ ಭಟ್ಟನು ಜಾತಿಯನ್ನು ಅವರವರ ಅಳತೆಗೆ ಕಟ್ಟಿದ ಮನೆಗೆ ಹೋಲಿಸುತ್ತಾನೆ. ಮಾತು ಸೊಗಸಾಗಿದೆ, ಅಪಾಯವಿರುವುದೂ ಆ ಸೊಗಸಿನಲ್ಲಿಯೇ. ಮನೆ ಬಿಟ್ಟು ಹೊರಡುವ ಸ್ವಾತಂತ್ರ್ಯ ಯಾರಿಗಿದೆಯೆಂಬ ಪ್ರಶ್ನೆಯನ್ನು ಅವನು ಎತ್ತುವುದಿಲ್ಲ.

ಕೊನೆಗೆ ಹರಳಯ್ಯ ಮತ್ತು ಮಧುವರಸರು ಒಂದೇ ಬಗೆಯ ಕ್ರೂರ ಶಿಕ್ಷೆಗೆ ಗುರಿಯಾಗುತ್ತಾರೆ. ಬದುಕಿನಲ್ಲಿ ಸಿಗದ ಸಮಾನತೆ ಅವರಿಗೆ ಸಾವಿನಲ್ಲಿ ಸಿಕ್ಕಿತು. ಇಲ್ಲಿ ಮಧುವರಸನನ್ನು ವಿಶೇಷವಾಗಿ ಗಮನಿಸಬೇಕು. ಮೇಲ್ಜಾತಿಯಿಂದ ಬಂದವರಲ್ಲಿ ಮಾತಿನ ದಂಡವನ್ನು ಹರಳಯ್ಯನ ಜೊತೆಗೆ ನಿಂತು ಸ್ವತಃ ತೆತ್ತವನು ಅವನು. ಜಗದೇವನೂ ಸಾಯುತ್ತಾನೆ, ಆದರೆ ಬಿಜ್ಜಳನನ್ನು ಕೊಂದು ಸಾಯುತ್ತಾನೆ. ಆ ಕೊಲೆಯ ಫಲವನ್ನು ಉಣ್ಣುವವರು ಹೆಸರಿಲ್ಲದ ಶರಣರು. ಅವರು ಸೋವಿದೇವನ ಸೈನಿಕರಿಗೆ ಬಲಿಯಾಗುತ್ತಾರೆ. ಅಹಿಂಸೆಯನ್ನು ಬೋಧಿಸಿದ ಬಸವಣ್ಣ ಆ ಹೊತ್ತಿಗೆ ಕೂಡಲಸಂಗಮದಲ್ಲಿದ್ದಾನೆ. ನಾಟಕಕಾರರು ಅವನನ್ನು ದೂಷಿಸುವುದಿಲ್ಲ. ಅವನ ಅನುಪಸ್ಥಿತಿಯನ್ನು ನಮ್ಮ ಮುಂದೆ ಇಟ್ಟು ಸುಮ್ಮನಾಗುತ್ತಾರೆ.

ಕೃತಿಯ ಒಂದು ಮಿತಿಯನ್ನು ಹೇಳಲೇಬೇಕು. ಆತ್ಮಶೋಧನೆಯ ದೀರ್ಘ ಮಾತುಗಳೆಲ್ಲ ಬಸವಣ್ಣ, ಬಿಜ್ಜಳ, ಜಗದೇವರ ಪಾಲಿಗೆ ಬಂದಿವೆ. ಮದುವೆಯಾಗುವ ಶೀಲವಂತ–ಕಲಾವತಿಯರಿಗೆ, ಹರಳಯ್ಯನ ಹೆಂಡತಿ ಕಲ್ಯಾಣಿಗೆ ದಕ್ಕಿರುವ ಮಾತು ಕಡಿಮೆ. ಹೆಚ್ಚು ದಂಡ ತೆತ್ತವರಿಗೆ ಕಡಿಮೆ ಮಾತು ಎಂಬ ಲೋಕದ ರೀತಿ ನಾಟಕದ ರಚನೆಯೊಳಗೂ ನುಸುಳಿದೆ.

ನಾಟಕ ನಿಲ್ಲುವಲ್ಲಿಂದ ಜನಪದ ಸ್ಮೃತಿ ಮುಂದುವರಿಯುತ್ತದೆ, ಅದೂ ನಮ್ಮ ನೆರೆಯಲ್ಲಿಯೇ. ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಸಮಾಧಿಯಿದೆ. ಕಲ್ಯಾಣದಿಂದ ಉಳವಿಯತ್ತ ಹೊರಟ ಶರಣರನ್ನು ಕಾಯುತ್ತಾ ಚರ್ಮ ಹದಮಾಡುವ ಕಾಯಕದ ಈ ಹಿರಿಯ ಇಲ್ಲಿ ಮಡಿದನೆಂಬುದು ಪರಂಪರೆಯ ನಂಬಿಕೆ. ಇತರರಿಗೆ ಉಳವಿಯ ದಾರಿ ತೆರೆದುಕೊಟ್ಟವನ ಪಯಣ ಕಕ್ಕೇರಿಯಲ್ಲಿಯೇ ಮುಗಿಯಿತು.

ಕ್ರೈಸ್ತ ಸಭೆ ಈ ಕಥೆಯನ್ನು ನೆರೆಮನೆಯ ಕಥೆಯೆಂದು ಓದಿ ಮುಚ್ಚಿಡುವಂತಿಲ್ಲ. ಲಂಡನ್ ಮಿಷನ್ ಬೆಳಗಾವಿಯಲ್ಲಿ ಕೆಲಸ ಆರಂಭಿಸಿದ್ದು 1820ರಲ್ಲಿ. ಇಂದು ಬೆಳಗಾವಿ ನಗರ ಮತ್ತು ಖಾನಾಪುರದ ವಿಶ್ವಾಸಿಗಳಲ್ಲಿ ಗೋವೆಯ ಮೂಲದ ಕೊಂಕಣಿ ಮನೆತನಗಳಿವೆ, ದಂಡಿನ ಪ್ರದೇಶದ ಹಳೆಯ ಕುಟುಂಬಗಳಿವೆ, ಕನ್ನಡ ಮರಾಠಿ ಮಾತಾಡುವ ದಲಿತ ಸಭೆಗಳಿವೆ. ಎಲ್ಲರಿಗೂ ದೀಕ್ಷಾಸ್ನಾನ ಒಂದೇ. ಆದರೆ ಅದರ ಲೌಕಿಕ ಬೆಲೆ ಒಂದೇ ಅಲ್ಲ. 1950ರ ರಾಷ್ಟ್ರಪತಿ ಆದೇಶದ ಪರಿಶಿಷ್ಟ ಜಾತಿ ಮಾನ್ಯತೆ 1956ರಲ್ಲಿ ಸಿಖ್ಖರಿಗೂ, ‘ತಲೆದಂಡ’ ಪ್ರಕಟವಾದ 1990ರಲ್ಲಿಯೇ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಹೀಗಿರುವಾಗ ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಪ್ರಸಂಗಪೀಠದಿಂದ ಸಾರಿ, ಮದುವೆಯ ಮಾತು ಬಂದಾಗ ಮೂಲ ವಿಚಾರಿಸುವ ಸಭೆಯು ದಲಿತ ವಿಶ್ವಾಸಿಯಿಂದ ಎರಡೂ ಕಡೆ ದಂಡ ಕಟ್ಟಿಸಿಕೊಳ್ಳುತ್ತದೆ.

ಇಲ್ಲಿ ಫಿಲೆಮೋನನಿಗೆ ಬರೆದ ಪತ್ರಿಕೆ ನಮಗೆ ದಾರಿ ತೋರುತ್ತದೆ. ಒನೇಸಿಮನನ್ನು ಸಹೋದರನಾಗಿ ಸೇರಿಸಿಕೋ ಎಂದು ಕೇಳಿಕೊಂಡ ಪೌಲನು ಅಷ್ಟಕ್ಕೇ ನಿಲ್ಲಲಿಲ್ಲ. ಅವನಿಂದ ಬರಬೇಕಾದ ಸಾಲವೇನಾದರೂ ಇದ್ದರೆ ಅದನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕೆಂದೂ, ತಾನೇ ತೀರಿಸುವೆನೆಂದೂ ಸ್ವಹಸ್ತದಿಂದ ಬರೆದುಕೊಟ್ಟನು. ಸಹೋದರತ್ವವನ್ನು ಸಾರಿದವನು ಅದರ ಸಾಲಪತ್ರಕ್ಕೆ ತಾನೇ ರುಜು ಹಾಕಿದನು. ಶಿಲುಬೆಯ ದೈವಶಾಸ್ತ್ರವು ಸಾಮಾಜಿಕ ಬದುಕಿಗೆ ಇಳಿಯುವುದು ಈ ರುಜುವಿನ ಮೂಲಕವೇ.

ಬಸವಣ್ಣನ ಕಳವಳವನ್ನು ಸಭಾಪಾಲಕರು ದೌರ್ಬಲ್ಯವೆಂದು ಎಣಿಸಬಾರದು. ಬೆಲೆಯನ್ನು ಎಣಿಸಿ ನೋಡುವುದು ಹೊಣೆಯ ಮೊದಲ ಹೆಜ್ಜೆ. ಪ್ರಭು ಯೇಸುವೂ ಗೋಪುರ ಕಟ್ಟುವವನ ಸಾಮ್ಯದಲ್ಲಿ ಇದನ್ನೇ ಕಲಿಸಿದನು. ಎಣಿಸಿದ ಮೇಲೆ ಆ ಬೆಲೆಯನ್ನು ಯಾರ ಹೆಸರಿಗೆ ಬರೆಯುತ್ತೇವೆ ಎಂಬುದು ಎರಡನೆಯ ಹೆಜ್ಜೆ. ಅಂತರ್ಜಾತಿಯ ವಿವಾಹವೊಂದನ್ನು ಆಶೀರ್ವದಿಸುವ ಪಾಲಕನು ಮರುದಿನ ಆ ಮನೆಯ ಬಾಗಿಲಲ್ಲಿಯೂ, ಅಗತ್ಯ ಬಿದ್ದರೆ ಪೊಲೀಸ್ ಠಾಣೆಯಲ್ಲಿಯೂ ಅವರೊಂದಿಗೆ ನಿಂತಿರಬೇಕು. ಹಾಗೆ ನಿಲ್ಲಲು ಸಿದ್ಧನಿಲ್ಲದವನು ಸಮಾನತೆಯ ಪ್ರಸಂಗಕ್ಕೆ ಪೀಠವೇರುವ ಮುನ್ನ ‘ತಲೆದಂಡ’ವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.