ವರದಿ ಹೇಳಿದ ಪಥ್ಯ

ಗದಗ ಜಿಲ್ಲೆಯ ಸೊರಟೂರಿನಂಥ ಊರಿನವರು ಅಲರ್ಜಿ ಪರೀಕ್ಷೆ ಮಾಡಿಸಬೇಕಾದರೆ ಗದಗಿಗೋ ಹುಬ್ಬಳ್ಳಿಗೋ ಹೋಗಿ ರಕ್ತ ಕೊಟ್ಟು ಬರುತ್ತಾರೆ. ಆಮೇಲೆ ಮೊಬೈಲಿಗೆ ಒಂದು ಪಿಡಿಎಫ್ ಬರುತ್ತದೆ. ಹಾಲು, ಗೋದಿ, ಶೇಂಗಾ, ಎಳ್ಳು, ಕಡಲೆ, ಬದನೆ ಎಂದು ಪುಟಗಟ್ಟಲೆ ಸಾಲು. ಪ್ರತಿ ಸಾಲಿಗೂ ಒಂದು ಅಂಕಿ, ಅಂಕಿಗೊಂದು ಬಣ್ಣ. ಕೆಂಪು ಕಂಡದ್ದನ್ನೆಲ್ಲ ಅಡುಗೆಮನೆಯಿಂದ ಹೊರಗಿಡುವುದೇ ಮುಂದಿನ ಕೆಲಸ. ಈ ಪದ್ಧತಿಯ ಬಗ್ಗೆ ನನಗೆ ದೊಡ್ಡ ತಕರಾರಿದೆ. ತಂತ್ರಜ್ಞಾನದ ಮೇಲೆ ದೂರಿಲ್ಲ. ಪ್ರಶ್ನೆಯನ್ನೇ ಕೇಳದೆ ಉತ್ತರ ತರಿಸಿಕೊಳ್ಳುತ್ತಿದ್ದೇವೆ ಎಂಬುದು ನನ್ನ ದೂರು.

ಆ ಅಂಕಿ ಏನನ್ನು ಅಳೆಯುತ್ತದೆ? ಒಂದು ಆಹಾರದ ಪ್ರೋಟೀನನ್ನು ಗುರುತು ಹಿಡಿಯುವ ಐಜಿಇ ಎಂಬ ಪ್ರತಿಕಾಯ ರಕ್ತದಲ್ಲಿ ಎಷ್ಟಿದೆ ಎಂಬುದನ್ನು. 0.35 ದಾಟಿದರೆ ಸಾಮಾನ್ಯವಾಗಿ ‘ಪಾಸಿಟಿವ್’ ಎನ್ನುತ್ತಾರೆ. ಪ್ರತಿಕಾಯ ಇದ್ದ ಮಾತ್ರಕ್ಕೆ ಅದನ್ನು ತಿಂದಾಗ ತೊಂದರೆ ಆಗಿಯೇ ತೀರುತ್ತದೆಂದಿಲ್ಲ. ಹೂವಿನ ಪರಾಗದ ಪ್ರೋಟೀನಿಗೂ ಕಾಯಿಪಲ್ಲೆಯ ಪ್ರೋಟೀನಿಗೂ ಹೋಲಿಕೆ ಇದ್ದರೆ, ಪರಾಗಕ್ಕೆ ಸೀನುವವರ ರಕ್ತ ಕಾಯಿಪಲ್ಲೆಯ ಸಾಲಿನಲ್ಲೂ ಕೆಂಪು ತೋರಿಸಬಹುದು. ಅಂಕಿ ಹೆಚ್ಚಿದಷ್ಟೂ ಅಲರ್ಜಿ ಇರುವ ಸಂಭವ ಹೆಚ್ಚು, ಅಷ್ಟೆ. ಆಗುವ ಆಘಾತ ಎಷ್ಟು ಜೋರು ಎಂಬುದನ್ನು ಅದು ಹೇಳುವುದಿಲ್ಲ.

ಇದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿ ಇದೆ. ಯೂರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಭಾರತದ ಭಾಗ ನಡೆದದ್ದು ಕರ್ನಾಟಕದಲ್ಲಿ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು 11,000ಕ್ಕೂ ಹೆಚ್ಚು ವಯಸ್ಕರನ್ನು ಮೊದಲು ಪ್ರಶ್ನಾವಳಿಯಿಂದ ಸೋಸಿ, ಆಮೇಲೆ ಆಯ್ದವರ ರಕ್ತ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಯಾವುದಾದರೊಂದು ಆಹಾರಕ್ಕೆ ಐಜಿಇ ಇದ್ದವರು ಶೇ 26.5, ನಿಜಕ್ಕೂ ಅಲರ್ಜಿ ಇರಬಹುದಾದವರು ಶೇ 1.2. ಅಂದರೆ ನಾಲ್ವರಲ್ಲಿ ಒಬ್ಬರ ವರದಿ ಕೆಂಪಾಗಬಹುದು, ಆದರೆ ಆ ಕೆಂಪಿನವರಲ್ಲಿ ಬಹುತೇಕರು ಅದೇ ಊಟ ಉಂಡು ಆರಾಮಾಗಿಯೇ ಇದ್ದಾರೆ. ಈ ಅಧ್ಯಯನಕ್ಕೂ ಮಿತಿಯಿದೆ. ವಯಸ್ಕರನ್ನಷ್ಟೇ ನೋಡಿದ್ದು, ಅದೂ ಬೆಂಗಳೂರು, ಮೈಸೂರಿನ ಕಡೆಯವರನ್ನು. ಮುಂಡರಗಿ, ಶಿರಹಟ್ಟಿ ಸೀಮೆಯ ಮಕ್ಕಳ ಲೆಕ್ಕ ಅದರಲ್ಲಿಲ್ಲ. ಆದರೂ ಪರೀಕ್ಷೆ ಬರೆದುಕೊಡುವ ಪ್ರತಿಯೊಬ್ಬ ವೈದ್ಯರ ಮೇಜಿನ ಮೇಲೆ ಈ ಎರಡು ಅಂಕಿಗಳು ಇರಬೇಕು ಎನಿಸುತ್ತದೆ.

ಬದನೆಯ ಕಥೆ ಇನ್ನೂ ಹತ್ತಿರದ್ದು. ಎಣ್ಣೆಗಾಯಿ ಇಲ್ಲದೆ ನಮ್ಮ ಕಡೆ ರೊಟ್ಟಿ ಊಟ ಇಲ್ಲ. ಹಾಗೆಯೇ, ಬದನೆಕಾಯಿ ನಂಜು, ಮೈ ತುರಿಸುತ್ತದೆ ಎನ್ನುವವರಿಲ್ಲದ ಓಣಿಯೂ ಇಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ವಿಜ್ಞಾನಿ ವೈ.ಪಿ. ವೆಂಕಟೇಶ್ ಮತ್ತು ಸಹೋದ್ಯೋಗಿಗಳು ಈ ಮಾತನ್ನು ತಳ್ಳಿಹಾಕದೆ ಕೈಗೆತ್ತಿಕೊಂಡರು. 2008ರಲ್ಲಿ ಬಂದ ಅವರ ಅಧ್ಯಯನದಲ್ಲಿ ಬದನೆಗೆ ಸಂವೇದನೆ ತೋರಿದವರು ನೂರಕ್ಕೆ ಸುಮಾರು ಒಂಬತ್ತು ಜನ. ಐಜಿಇಯಿಂದಾದ ನಿಜವಾದ ಅಲರ್ಜಿ ನೂರಕ್ಕೆ ಒಬ್ಬರಿಗೂ ಇಲ್ಲ. ಉಳಿದವರ ತುರಿಕೆಯೆಲ್ಲ ಕಲ್ಪನೆ ಎಂದು ಅವರು ಷರಾ ಬರೆಯಲಿಲ್ಲ. ಬದನೆಯಲ್ಲೇ ಇರುವ ಹಿಸ್ಟಮಿನ್‌ನಂಥ ವಸ್ತುಗಳಿಂದಲೂ ತುರಿಕೆ ಏಳಬಹುದು ಎಂದು ಲೆಕ್ಕಕ್ಕೆ ತೆಗೆದುಕೊಂಡರು. ಜನರ ಅನುಭವಕ್ಕೆ ಗೌರವ ಕೊಟ್ಟು, ಅದನ್ನೇ ಅಳತೆಗೆ ಹಚ್ಚಿದ ಇಂಥ ಕೆಲಸ ನಮ್ಮಲ್ಲಿ ಕಡಿಮೆ.

ಲ್ಯಾಬ್ ವರದಿ ನಮ್ಮ ಮನೆಗಳಲ್ಲಿ ಇಷ್ಟು ಸಲೀಸಾಗಿ ನೆಲೆಯೂರಲು ಕಾರಣ, ಪಥ್ಯ ನಮಗೆ ಹೊಸದಲ್ಲ ಎಂಬುದು. ಬಾಣಂತಿಗೆ ಪಥ್ಯ, ಕಾಮಾಲೆಗೆ ಪಥ್ಯ, ಗಾಯವಾದರೆ ನಂಜಿನ ಪದಾರ್ಥ ವರ್ಜ್ಯ. ಆದರೆ ಹಳೆಯ ಪಥ್ಯಕ್ಕೆ ಒಂದು ಮುಗಿತಾಯವಿತ್ತು. ಬಾಣಂತನ ಮುಗಿಯಿತು, ಗಾಯ ಮಾಯಿತು, ಎಲ್ಲ ಉಣ್ಣಬಹುದು. ವರದಿಯ ಪಥ್ಯಕ್ಕೆ ಅಂಥ ದಿನವೇ ಇಲ್ಲ. ಎರಡು ವರ್ಷದ ಮಗುವಿಗೆ ಹಾಲು ಬಿಡಿಸಿದವರು ಐದು ವರ್ಷವಾದರೂ ಮತ್ತೆ ಕೊಟ್ಟು ನೋಡುವ ಧೈರ್ಯ ಮಾಡುವುದಿಲ್ಲ; ಕೊಟ್ಟು ನೋಡಿ ಎಂದು ಹೇಳುವವರೂ ಇಲ್ಲ. ಹಾಲು, ಮೊಟ್ಟೆಯ ಅಲರ್ಜಿ ಬಹಳಷ್ಟು ಮಕ್ಕಳಿಗೆ ಬೆಳೆಯುತ್ತ ತಾನಾಗಿ ಹೋಗುತ್ತದೆ. ಶೇಂಗಾದ್ದು ಐವರಲ್ಲಿ ಒಬ್ಬರಿಗೆ ಹೋದರೆ ಹೆಚ್ಚು. ಇನ್ನು, ಆರಾಮಾಗಿ ತಿನ್ನುತ್ತಿದ್ದ ಆಹಾರವನ್ನು ವರದಿ ನೋಡಿ ವರ್ಷಗಟ್ಟಲೆ ಬಿಡಿಸಿದರೆ, ದೇಹ ಅದಕ್ಕೆ ಹೊಂದಿಕೊಂಡಿದ್ದ ಗುಣವನ್ನೇ ಕಳೆದುಕೊಳ್ಳಬಹುದು. ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಹುಟ್ಟಿದ ಮೊದಲ ವರ್ಷದೊಳಗೇ ಶೇಂಗಾ ತಿನ್ನಿಸಲು ಶುರುಮಾಡಿದರು. ಐದು ವರ್ಷದ ಹೊತ್ತಿಗೆ, ಶೇಂಗಾ ದೂರವಿಟ್ಟ ಮಕ್ಕಳಿಗಿಂತ ಇವರಲ್ಲಿ ಅಲರ್ಜಿ ಶೇ 80ರಷ್ಟು ಕಡಿಮೆಯಿತ್ತು.

‘ಫುಡ್ ಇನ್‌ಟಾಲರೆನ್ಸ್’ ಎಂಬ ಹೆಸರಿನಲ್ಲಿ ಮಾರುವ ಐಜಿಜಿ ಪರೀಕ್ಷೆಯ ಬಗ್ಗೆ ಹೆಚ್ಚು ಬರೆಯುವುದು ಬೇಕಿಲ್ಲ. ಐಜಿಜಿ ಎಂಬ ಬೇರೊಂದು ಪ್ರತಿಕಾಯ ಇರುವುದು ಆ ಆಹಾರ ತಿಂದಿದ್ದೀರಿ ಎಂಬುದಕ್ಕೆ ಗುರುತು. ಅಲರ್ಜಿ ಪತ್ತೆಗೆ ಇದನ್ನು ಬಳಸಬೇಡಿ ಎಂದು ಯುರೋಪ್, ಅಮೆರಿಕದ ಅಲರ್ಜಿ ತಜ್ಞರ ಸಂಘಗಳು ಖಚಿತವಾಗಿ ಹೇಳಿವೆ. ಬಡವರ ಕೈಯಿಂದ ಇದಕ್ಕೆ ಸಾವಿರಾರು ರೂಪಾಯಿ ಕಕ್ಕಿಸುವುದು ಅನ್ಯಾಯ.

ಚರ್ಮದ ಚುಚ್ಚು ಪರೀಕ್ಷೆ ನನ್ನ ದೃಷ್ಟಿಯಲ್ಲಿ ಮೇಲು. ಅದು ವೈದ್ಯರ ಕಣ್ಣೆದುರೇ ನಡೆಯುತ್ತದೆ. ಮುಂಗೈ ಮೇಲೆ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿನ ಪಕ್ಕ ಒಂದೊಂದು ದ್ರಾವಣದ ಹನಿ ಇಟ್ಟು, ಹನಿಯ ಮೂಲಕ ಚರ್ಮವನ್ನು ರಕ್ತ ಬಾರದಷ್ಟು ಹಗುರಾಗಿ ಚುಚ್ಚುತ್ತಾರೆ. ಒಂದು ಹನಿ ಬರೀ ಉಪ್ಪುನೀರು, ಇನ್ನೊಂದು ಹಿಸ್ಟಮಿನ್. 15–20 ನಿಮಿಷದಲ್ಲಿ ಹಿಸ್ಟಮಿನ್ ಇಟ್ಟಲ್ಲಿ ಸೊಳ್ಳೆ ಕಡಿದಂತೆ ಗಂಧೆ ಏಳಲೇಬೇಕು. ಏಳದಿದ್ದರೆ ಅಲರ್ಜಿ ಗುಳಿಗೆಯನ್ನು ಕೆಲವು ದಿನ ಮೊದಲೇ ನಿಲ್ಲಿಸಿಲ್ಲ ಎಂಬ ಅನುಮಾನ ಬರಬೇಕು, ಅಂದಿನ ಪರೀಕ್ಷೆ ಲೆಕ್ಕಕ್ಕಿಲ್ಲ. ಉಪ್ಪುನೀರಿನ ಜಾಗಕ್ಕಿಂತ 3 ಮಿ.ಮೀ. ದೊಡ್ಡದಾಗಿ ಎದ್ದದ್ದು ಪಾಸಿಟಿವ್. ಇಲ್ಲೂ ಪಾಸಿಟಿವ್ ಎಂದರೆ ಅನುಮಾನವೇ ಹೊರತು ತೀರ್ಪಲ್ಲ.

ತೀರ್ಪಿಗೆ ಬೇಕಾದ್ದು ಮಾತುಕತೆ. “ಏನ್ ತಿಂದಿದ್ದನ ಯವ್ವಾ? ತಿಂದು ಎಷ್ಟೊತ್ತಿಗೆ ಎದ್ದುವು ಗಂಧಿ? ಅದನ್ನ ಮೊದಲ ಯಾವಾಗಾದ್ರೂ ತಿಂದಾಗ ಹಿಂಗ ಆಗಿತ್ತೇನು? ಉಸಿರು ಹತ್ತಿತ್ತೇನು, ವಾಂತಿ?” ಇಷ್ಟು ಕೇಳಲು ಹತ್ತು ನಿಮಿಷ ಸಾಕು. ಐಜಿಇಯಿಂದಾಗುವ ಅಲರ್ಜಿ ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ತಾಸಿನೊಳಗೆ ಕಾಣಿಸುತ್ತದೆ; ತಿಂದಾಗಲೆಲ್ಲ ಮರುಕಳಿಸುತ್ತದೆ. ಆರು ವಾರ ದಾಟಿದರೂ ದಿನಾ ಏಳುವ ಪಿತ್ತಗಂಧೆಗೆ ಊಟ ಕಾರಣವಾಗುವುದು ಅಪರೂಪ. ಈ ಉತ್ತರಗಳು ಬಂದ ಮೇಲೆ ಒಂದೋ ಎರಡೋ ಆಹಾರಕ್ಕೆ ಮಾತ್ರ ಪರೀಕ್ಷೆ ಮಾಡಿಸಿದರೆ ಅದರ ಅಂಕಿಗೆ ಅರ್ಥ ಬರುತ್ತದೆ.

ನಿಜವಾದ ಅಲರ್ಜಿ ಇದ್ದವರ ಬದುಕು ಬೇರೆ, ಅದು ಕಠಿಣ. ಶೇಂಗಾ ಆಗದ ಮಗುವಿಗೆ ನಾಗರಪಂಚಮಿ ಎಂದರೆ ಏನು ಎಂದು ಯೋಚಿಸಿ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ ಒಂದೇ ಪರಾತದಲ್ಲಿ, ಒಂದೇ ಕೈಯಲ್ಲಿ ಕಟ್ಟಿದವು. ಮನೆಮನೆಯಿಂದ ಬೀರಿದ್ದು ಬೇರೆ. ‘ನಾ ಒಲ್ಲೆ’ ಎಂದರೆ ಮುನಿಸು. ಶೇಂಗಾ ಚಟ್ನಿಯ ಚಮಚೆಯೇ ಗುರೆಳ್ಳು ಚಟ್ನಿಗೂ ಹೋಗುತ್ತದೆ. ಕಡಲೆ ಆಗದವರಿಗೆ ಮಿರ್ಚಿ ಭಜಿಯ ಬಾಣಲೆಯಲ್ಲಿ ಕರಿದ ಯಾವುದೂ ಆಗದು. ಕಡಲೆ ಅಲರ್ಜಿ ಭಾರತದಲ್ಲಿ ಮುಖ್ಯವಾದದ್ದು ಎಂದು ಮುಂಬೈ ವೈದ್ಯರು 2001ರಲ್ಲೇ ತೋರಿಸಿದ್ದಾರೆ. ಆದರೂ 2020ರ ಆಹಾರ ಲೇಬಲ್ ನಿಯಮಗಳ ಅಲರ್ಜಿ ಪಟ್ಟಿಯಲ್ಲಿ ಗೋದಿ, ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾ ಇವೆ. ಕಡಲೆಯೂ ಇಲ್ಲ, ಎಳ್ಳೂ ಇಲ್ಲ. ಅಮೆರಿಕ 2023ರಿಂದ ಎಳ್ಳನ್ನು ಪಟ್ಟಿಗೆ ಸೇರಿಸಿದೆ. ಎಳ್ಳ ಅಮಾವಾಸ್ಯೆಯ ನಾಡು ಅದನ್ನು ಮರೆತಿರುವುದು ಸರಿಯಲ್ಲ.

ಶಾಲೆಯನ್ನೂ ನೋಡಬೇಕು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಬಂತು, ಆಮೇಲೆ ಮೊಟ್ಟೆ ಬಂತು, ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಎಂದಾಯಿತು, 2025ರವರೆಗೆ ಶೇಂಗಾ ಚಿಕ್ಕಿಯೂ ಇತ್ತು. ಎಲ್ಲವೂ ಬೇಕಾದ ಯೋಜನೆಗಳೇ; ಹಸಿದ ಮಕ್ಕಳ ಹೊಟ್ಟೆಗೆ ಪ್ರೋಟೀನು ಹೋಗಲಿ ಎಂದು ಮಾಡಿದ್ದು. ಆದರೆ ಹಾಲು, ಮೊಟ್ಟೆ, ಶೇಂಗಾ ಇವೇ ಮಕ್ಕಳ ಅಲರ್ಜಿಗೆ ಮುಖ್ಯ ಕಾರಣಗಳು. ಮೊಟ್ಟೆ ತಿನ್ನುತ್ತೀಯಾ ಎಂದು ಶಿಕ್ಷಕರು ಕೇಳುವುದು ಮನೆತನದ ಪದ್ಧತಿಯನ್ನು. ತಿಂದರೆ ಏನಾಗುತ್ತದೆ ಎಂದೂ ಕೇಳಿ ಹಾಜರಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲು ಖರ್ಚೇನೂ ಇಲ್ಲ.

ಕೊನೆಗೆ ಅಡ್ರಿನಲಿನ್, ಜೀವ ಉಳಿಸುವ ಚುಚ್ಚುಮದ್ದು. ಗಂಧೆಯ ಜೊತೆ ಗಂಟಲು ಕಟ್ಟಿದರೆ, ಉಸಿರು ಸಿಳ್ಳೆ ಹಾಕಿದರೆ, ಮಗು ನಿತ್ರಾಣವಾಗಿ ಕುಸಿದರೆ ಅವಿಲ್ ಗುಳಿಗೆ ಕೊಡುವುದು ಅಥವಾ ಕಂಬಳಿ ಹೊದಿಸುವುದು ಜೀವ ಉಳಿಸುವುದಿಲ್ಲ. 20 ಕಿಲೋ ತೂಕದ ಮಗುವಿಗೆ 1 ಮಿಲಿಗೆ 1 ಮಿ.ಗ್ರಾಂ. ಇರುವ ಅಡ್ರಿನಲಿನ್ 0.2 ಮಿಲಿ, ತೊಡೆಯ ಹೊರಬದಿಯ ಸ್ನಾಯುವಿಗೆ, ತಡಮಾಡದೆ ಬೀಳಬೇಕು. 108ಕ್ಕೆ ಫೋನೂ ಆಗಲೇ ಹೋಗಬೇಕು. ವಿದೇಶದ ಪೆನ್ನಿನಂಥ ಇಂಜೆಕ್ಷನ್ ನಮ್ಮ ಔಷಧ ಅಂಗಡಿಗಳಲ್ಲಿ ದುರ್ಲಭ, ಆದರೆ ಆಂಪೂಲು ಅಗ್ಗ; ಲಸಿಕೆ ಹಾಕುವ ಕಡೆ ಅದು ಹೇಗೂ ಇರಬೇಕಾದ ಔಷಧ. ಪುಟಗಟ್ಟಲೆ ಸಾಲಿನ ವರದಿಯ ದುಡ್ಡು ಹೊಂದಿಸುವ ಮೊದಲು, ಊರಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಆ ಆಂಪೂಲು ಇದೆಯೇ, ಅವಧಿ ಮುಗಿದಿದೆಯೇ, ರಾತ್ರಿ ಅದನ್ನು ಕೊಡುವವರು ಯಾರು ಎಂದು ಮನೆಯವರು ಹೋಗಿ ಕೇಳಿಕೊಂಡು ಬರಲಿ.