ತೊಗರಿ ಲೆಕ್ಕ ಮಳಿಗೆಗೆ ಹೋಗುವ ಸಾಲುಗಳು: ಒಂದು ವ್ಯಾಖ್ಯಾನ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಡಿಟಿಪಿ ಅಂಗಡಿಗಳಿಗೆ ಸಾಫ್ಟ್‌ವೇರ್ ಇವತ್ತಿಗೂ ಹೆಚ್ಚಾಗಿ ಪೆನ್‌ಡ್ರೈವಿನಲ್ಲೇ ಬರುತ್ತದೆ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಎರಡೂ ಸಿ.ಡಿ., ಪೆನ್‌ಡ್ರೈವುಗಳಲ್ಲಿ ಕೈಯಿಂದ ಕೈಗೆ ದಾಟುತ್ತಲೇ ಊರೂರು ಮುಟ್ಟಿದವು. ಆ ಕೈಗಳ ಉಪಕಾರ ದೊಡ್ಡದು. ಆದರೆ ಹೀಗೆ ಬಂದ ತಂತ್ರಾಂಶದ ಹಿಂದೆ ಯಾರಿದ್ದಾರೆ, ಇದು ಯಾವ ಆವೃತ್ತಿ, ನಡುವೆ ಯಾರಾದರೂ ವೈರಸ್ ಸೇರಿಸಿದ್ದಾರೆಯೇ ಎಂಬುದಕ್ಕೆ ಪೆನ್‌ಡ್ರೈವಿನಲ್ಲಿ ಉತ್ತರವಿಲ್ಲ. ಆನ್‌ಲೈನ್ ಮಳಿಗೆ ಇರುವುದು ಈ ಪ್ರಶ್ನೆಗಳಿಗೆ ಉತ್ತರ ಕೊಡಲು.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ಅಡತಿ ಅಂಗಡಿಗೆಂದು ಒಂದು ಡೆಸ್ಕ್‌ಟಾಪ್ ಆ್ಯಪ್ ಬರೆದಳು ಎಂದು ಕಲ್ಪಿಸಿಕೊಳ್ಳೋಣ. ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ಎಷ್ಟು ಎಂದು ತುಂಬಿದರೆ ರೈತನ ಕೈಗೆ ಕೊಡುವ ಪಟ್ಟಿ ಮುದ್ರಣವಾಗುತ್ತದೆ. ಹೆಸರು ‘ತೊಗರಿ ಲೆಕ್ಕ’. ಅದನ್ನು ಉಬುಂಟು ಮೊದಲಾದ ಲಿನಕ್ಸ್ ಗಣಕಗಳಿಗಾಗಿ ಕ್ಯಾನೊನಿಕಲ್ ಕಂಪನಿ ನಡೆಸುವ ಸ್ನ್ಯಾಪ್ ಮಳಿಗೆಗೆ ಅವಳು ಟರ್ಮಿನಲ್‌ನಿಂದಲೇ ಕಳಿಸುವ ಸಾಲುಗಳಿವು. ಓದಲು ನಮ್ಮ ಲಿಪಿಯಲ್ಲಿ ಬರೆದಿದ್ದೇನೆ. ಒತ್ತುವಾಗ ರೋಮನ್ ಸಣ್ಣಕ್ಷರಗಳೇ ಬೇಕು.

ಸ್ನ್ಯಾಪ್‌ಕ್ರಾಫ್ಟ್ ಇನಿಟ್

ಆ್ಯಪಿನ ಫೋಲ್ಡರಿನಲ್ಲಿ ನಿಂತು ಇದನ್ನು ಒತ್ತಿದರೆ ‘ಸ್ನ್ಯಾಪ್‌ಕ್ರಾಫ್ಟ್.ಯಾಮಲ್’ ಎಂಬ ಖಾಲಿ ನಮೂನೆಯ ಕಡತ ಹುಟ್ಟುತ್ತದೆ. ಮುಂದಿನ ಕೆಲವು ಸಾಲುಗಳು ಆ ಕಡತದೊಳಗಿನವು.

ನೇಮ್: ತೊಗರಿ-ಲೆಕ್ಕ

ಮಳಿಗೆಯ ಈ ಹೆಸರಿನಲ್ಲಿ ರೋಮನ್ ಸಣ್ಣಕ್ಷರ, ಅಂಕಿ, ಅಡ್ಡಗೆರೆಗಳಿಗೆ ಮಾತ್ರ ಜಾಗ. ಗರಿಷ್ಠ 40 ಅಕ್ಷರ. ಕನ್ನಡ ಲಿಪಿ ನಡೆಯುವುದಿಲ್ಲ. ಆದರೆ ಅದೇ ಕಡತದಲ್ಲಿ ‘ಟೈಟಲ್’ ಎಂಬ ಬೇರೆ ಸಾಲನ್ನು ಸೇರಿಸಬಹುದು, ಅಲ್ಲಿ ಕನ್ನಡದಲ್ಲಿ ಬರೆಯಬಹುದು, ಬರೆಯಲೇಬೇಕು. ರೋಮನ್ ಹೆಸರಿನ ಜತೆಗೇ ಕನ್ನಡ ಶೀರ್ಷಿಕೆಯನ್ನೂ ಇಟ್ಟರೆ ಮಳಿಗೆಯ ಪುಟ ತೆರೆದವರಿಗೆ ಇದು ತಮ್ಮದು ಎಂದು ಗೊತ್ತಾಗುತ್ತದೆ.

ಸಮ್ಮರಿ: ಅಡತಿ ಅಂಗಡಿಯ ತೂಕ, ಹಮಾಲಿ, ಪಟ್ಟಿಯ ಲೆಕ್ಕ

ಒಂದೇ ಸಾಲಿನ ಪರಿಚಯ, 78 ಅಕ್ಷರದೊಳಗೆ. ಇಲ್ಲಿ ಕನ್ನಡಿಗರು ಗಮನಿಸಬೇಕಾದದ್ದೊಂದಿದೆ. ‘ತೊಗರಿ’ ನಮ್ಮ ಕಣ್ಣಿಗೆ ಮೂರಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಐದು ಸಂಕೇತ, ಗುಣಿತದ ಚಿಹ್ನೆಗಳೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಒತ್ತಕ್ಷರ ಬಂದರೆ ಇನ್ನೂ ಹೆಚ್ಚು. ಹಾಗಾಗಿ ಚಿಕ್ಕದೆಂದು ತೋರುವ ಕನ್ನಡ ವಾಕ್ಯವೂ ‘ಉದ್ದ ಮೀರಿದೆ’ ಎಂದು ತಿರಸ್ಕೃತವಾಗಬಹುದು. ಬರೆದು, ಎಣಿಸಿ, ಕತ್ತರಿಸಬೇಕು.

ಬೇಸ್: ಕೋರ್24

ಆ್ಯಪ್ ನಿಲ್ಲುವ ಬುನಾದಿ. ಕೋರ್24 ಎಂದರೆ 2024ರ ಏಪ್ರಿಲ್‌ನ ಉಬುಂಟು 24.04 ಆವೃತ್ತಿಯ ಮೇಲೆ ಕಟ್ಟಿದ ತಳಹದಿ. ಅಂಗಡಿಯ ಗಣಕದಲ್ಲಿರುವ ಉಬುಂಟು ಸ್ವಲ್ಪ ಹಳೆಯದಾದರೂ ಆ್ಯಪ್ ತನ್ನದೇ ಬುನಾದಿಯ ಮೇಲೆ ನಡೆಯುತ್ತದೆ.

ಕನ್‌ಫೈನ್‌ಮೆಂಟ್: ಸ್ಟ್ರಿಕ್ಟ್
ಪ್ಲಗ್ಸ್: ಹೋಮ್, ರಿಮೂವಬಲ್-ಮೀಡಿಯಾ

ಈ ಎರಡು ಸಾಲನ್ನು ಒಟ್ಟಿಗೇ ಓದಬೇಕು. ಮೊದಲನೆಯದು ಆ್ಯಪಿನ ಸುತ್ತ ಬೇಲಿ ಹಾಕುತ್ತದೆ: ಕೇಳದೆ ಯಾವ ಕಡತವನ್ನೂ ಮುಟ್ಟಬಾರದು. ಎರಡನೆಯದು ಅದು ಕೇಳಿಕೊಳ್ಳುವ ಬಾಗಿಲುಗಳ ಪಟ್ಟಿ. ‘ಹೋಮ್’ ಎಂದರೆ ಬಳಸುವವರ ಸ್ವಂತ ಫೋಲ್ಡರು. ಡೆಸ್ಕ್‌ಟಾಪ್ ಗಣಕದಲ್ಲಿ ಇದು ತಾನಾಗಿಯೇ ಸಿಗುತ್ತದೆ, ಚುಕ್ಕಿಯಿಂದ ಶುರುವಾಗುವ ಮರೆಯ ಕಡತಗಳನ್ನು ಬಿಟ್ಟು. ‘ರಿಮೂವಬಲ್-ಮೀಡಿಯಾ’ ಎಂದರೆ ಪೆನ್‌ಡ್ರೈವ್. ಇದು ತಾನಾಗಿ ತೆರೆಯುವುದಿಲ್ಲ. ಅಂಗಡಿಯವರು ಒಮ್ಮೆ ‘ಸುಡೊ ಸ್ನ್ಯಾಪ್ ಕನೆಕ್ಟ್ ತೊಗರಿ-ಲೆಕ್ಕ:ರಿಮೂವಬಲ್-ಮೀಡಿಯಾ’ ಎಂದು ಒತ್ತಿ ಒಪ್ಪಿಗೆ ಕೊಡಬೇಕು.

ಆ್ಯಪ್ ಬರೆದವರಲ್ಲಿ ಹಲವರು ಇಲ್ಲಿ ಬೇಸರಪಟ್ಟು ಬೇಲಿಯನ್ನೇ ತೆಗೆಯುವ ‘ಕ್ಲಾಸಿಕ್’ ಎಂಬ ಬಗೆಯನ್ನು ಹುಡುಕುತ್ತಾರೆ. ಅದಕ್ಕೆ ಮಳಿಗೆಯವರ ಪ್ರತ್ಯೇಕ ಅನುಮತಿ ಬೇಕು, ಅದು ಸರಿಯಾದ ನಿಯಮವೇ. ಒಂದು ಅಡತಿ ಅಂಗಡಿಯ ಗಣಕದಲ್ಲಿ ಏನೇನಿರುತ್ತದೆ ನೋಡಿ: ರೈತರ ಆಧಾರ್ ಪ್ರತಿಗಳು, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನು, 371(ಜೆ) ಮೀಸಲಾತಿಯ ಪ್ರಮಾಣಪತ್ರಕ್ಕೆ ಯಾರೋ ಮಾಡಿಸಿದ ಜೆರಾಕ್ಸಿನ ಕಡತ. ತೂಕದ ಲೆಕ್ಕ ಹಾಕುವ ಆ್ಯಪಿಗೆ ಇವುಗಳಲ್ಲಿ ಯಾವುದೂ ಬೇಡ. ಹೋಮ್ ಬಾಗಿಲನ್ನೂ ಕೇಳದೆ ತನ್ನ ಸ್ವಂತ ಫೋಲ್ಡರಿನಲ್ಲೇ ಲೆಕ್ಕ ಇಟ್ಟುಕೊಳ್ಳಲು ಸಾಧ್ಯವಾದರೆ ಅದೇ ಹೆಚ್ಚು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಪೆನ್‌ಡ್ರೈವ್ ಒಂದು ಮಾತ್ರ ಬೇಕಾಗಬಹುದು, ಬ್ಯಾಕಪ್ಪಿಗೆ.

ನೇಮ್[ಕೆಎನ್]=ತೊಗರಿ ಲೆಕ್ಕ

ಈ ಸಾಲು ಇರುವುದು ‘.ಡೆಸ್ಕ್‌ಟಾಪ್’ ಎಂಬ ಇನ್ನೊಂದು ಪುಟ್ಟ ಕಡತದಲ್ಲಿ. ಮೆನುವಿನಲ್ಲಿ ಆ್ಯಪಿನ ಹೆಸರು ಹೇಗೆ ಕಾಣಬೇಕು ಎಂಬುದನ್ನು ಇದು ಹೇಳುತ್ತದೆ. ಚೌಕದೊಳಗೆ ಭಾಷೆಯ ಸಂಕೇತ: ಕನ್ನಡಕ್ಕೆ ಕೆಎನ್, ಮರಾಠಿಗೆ ಎಂಆರ್, ಉರ್ದುವಿಗೆ ಯುಆರ್. ಆಳಂದದ ಪೇಟೆಯಲ್ಲಿ ಒಂದೇ ಗಲ್ಲಿಯಲ್ಲಿ ಮೂರೂ ಭಾಷೆ ಕೇಳಿಸುತ್ತವೆ, ಗಡಿ ದಾಟಿದರೆ ಅಕ್ಕಲಕೋಟೆ, ಸೊಲ್ಲಾಪುರ. ಮೂರು ಸಾಲು ಸೇರಿಸಲು ಮೂರು ನಿಮಿಷ ಸಾಕು. ಪರದೆಯ ಒಳಗಿನ ಮಾತುಗಳನ್ನು ಅನುವಾದಿಸುವುದು ದೀರ್ಘ ಕೆಲಸ, ಉರ್ದುವಿಗಾದರೆ ಪರದೆಯೇ ಬಲದಿಂದ ಎಡಕ್ಕೆ ತಿರುಗಬೇಕು. ಆ ಕೆಲಸ ನಿಧಾನಕ್ಕೆ ಆಗಲಿ, ಹೆಸರಾದರೂ ಮೊದಲ ದಿನವೇ ಮೂರು ಭಾಷೆಯಲ್ಲಿರಲಿ.

ಸ್ನ್ಯಾಪ್‌ಕ್ರಾಫ್ಟ್ ಪ್ಯಾಕ್

ಕಟ್ಟುವ ಆಜ್ಞೆ. ಪ್ರತ್ಯೇಕವಾದ ಒಂದು ಕಂಟೇನರಿನೊಳಗೆ ಬೇಕಾದದ್ದನ್ನೆಲ್ಲ ತರಿಸಿಕೊಂಡು ಕಟ್ಟುವುದರಿಂದ ಮೊದಲ ಸಲ ಡೇಟಾ ಬಹಳ ಎಳೆಯುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಮಾಡಬೇಡಿ, ಕಾಲೇಜಿನ ನೆಟ್‌ವರ್ಕಿನಲ್ಲೇ ಮಾಡಿ. ಮುಗಿದಾಗ ‘ತೊಗರಿ-ಲೆಕ್ಕ_0.1_ಎಎಂಡಿ64.ಸ್ನ್ಯಾಪ್’ ಎಂಬ ಒಂದೇ ಕಡತ ಸಿಗುತ್ತದೆ.

ಸುಡೊ ಸ್ನ್ಯಾಪ್ ಇನ್‌ಸ್ಟಾಲ್ --ಡೇಂಜರಸ್ ತೊಗರಿ-ಲೆಕ್ಕ_0.1_ಎಎಂಡಿ64.ಸ್ನ್ಯಾಪ್

ಸ್ವಂತ ಗಣಕದಲ್ಲಿ ಹಾಕಿ ನೋಡುವ ಸಾಲು. ‘ಅಪಾಯಕಾರಿ’ ಎಂದು ಹೇಳಿಯೇ ಹಾಕಬೇಕು, ಏಕೆಂದರೆ ಈ ಕಡತಕ್ಕೆ ಇನ್ನೂ ಮಳಿಗೆಯ ಸಹಿ ಬಿದ್ದಿಲ್ಲ. ಈ ಸಾಲನ್ನು ಬರೆದವರು ಮಾತ್ರ ಬಳಸಬೇಕು. ಗೆಳೆಯರ ಅಂಗಡಿಗೆ ‘ಹೀಗೆ ಒತ್ತಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಇದನ್ನು ಕಳಿಸಿದರೆ, ಗೊತ್ತಿಲ್ಲದ ಕಡತವನ್ನೂ ಹೀಗೇ ಹಾಕಬಹುದು ಎಂಬ ಕೆಟ್ಟ ರೂಢಿ ಕಲಿಸಿದಂತಾಗುತ್ತದೆ.

ಸ್ನ್ಯಾಪ್‌ಕ್ರಾಫ್ಟ್ ಲಾಗಿನ್

ಉಬುಂಟು ಒನ್ ಖಾತೆಯ ಇಮೇಲ್, ಗುಪ್ತಪದ ಕೇಳುತ್ತದೆ. ಖಾತೆಗೆ ಶುಲ್ಕವಿಲ್ಲ. ಎರಡನೆಯ ಹಂತದ ಸಂಖ್ಯೆಯನ್ನೂ ಚಾಲೂ ಮಾಡಿಕೊಳ್ಳಿ. ಲ್ಯಾಬಿನ ಗಣಕದಲ್ಲಿ ಕೂತಿದ್ದರೆ ಕೆಲಸ ಮುಗಿದ ಮೇಲೆ ‘ಸ್ನ್ಯಾಪ್‌ಕ್ರಾಫ್ಟ್ ಲಾಗೌಟ್’ ಎಂದು ಒತ್ತಿಯೇ ಏಳಬೇಕು. ಒಳಬಂದ ಖಾತೆಯ ಕೀಲಿ ಆ ಗಣಕದಲ್ಲೇ ಉಳಿದರೆ, ಮುಂದೆ ಕೂತವರು ನಿಮ್ಮ ಹೆಸರಿನಲ್ಲಿ ಏನನ್ನಾದರೂ ಪ್ರಕಟಿಸಬಹುದು.

ಸ್ನ್ಯಾಪ್‌ಕ್ರಾಫ್ಟ್ ರಿಜಿಸ್ಟರ್ ತೊಗರಿ-ಲೆಕ್ಕ

ಹೆಸರನ್ನು ಕಾಯ್ದಿರಿಸುವ ಸಾಲು. ಹಿಂದೆ ಇದು ಕ್ಷಣದಲ್ಲಿ ಆಗುತ್ತಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಕ್ರಿಪ್ಟೊ ಹಣದ ವಾಲೆಟ್‌ಗಳಂತೆ ವೇಷ ಹಾಕಿದ ಕಳ್ಳ ಆ್ಯಪುಗಳು ಮಳಿಗೆಯಲ್ಲಿ ಪತ್ತೆಯಾದವು. 2024ರ ಫೆಬ್ರವರಿಯಲ್ಲಿ ಅಂಥದೇ ನಕಲಿಯೊಂದನ್ನು ನಂಬಿದವರೊಬ್ಬರು ಸುಮಾರು 9 ಬಿಟ್‌ಕಾಯಿನ್ ಕಳೆದುಕೊಂಡರು. ಆಮೇಲೆ ಹೊಸ ಹೆಸರುಗಳನ್ನು ಮನುಷ್ಯರೇ ನೋಡಿ ಒಪ್ಪುವ ಕ್ರಮ ಬಂತು. ಹೀಗಾಗಿ ಉತ್ತರ ಬರಲು ಕೆಲ ದಿನ ಹಿಡಿದರೆ ಸಿಟ್ಟಾಗಬಾರದು. ಆ ಕಾಯುವಿಕೆ ಅಂಗಡಿಯವರ ಹಣವನ್ನು ಕಾಯುತ್ತಿದೆ.

ಈ ಸಾಲಿನಲ್ಲಿ ಇನ್ನೂ ಒಂದು ಪ್ರಶ್ನೆಯಿದೆ, ಹೆಸರು ಯಾರ ಖಾತೆಯಲ್ಲಿ ನಿಲ್ಲಬೇಕು? ಕೋರ್ಸ್ ಮುಗಿಸಿ ಹುಡುಗಿ ಬೆಂಗಳೂರಿಗೋ ಪುಣೆಗೋ ಹೊರಟಳು, ಹಳೆಯ ಇಮೇಲ್ ಮರೆತಳು ಎಂದಿಟ್ಟುಕೊಳ್ಳಿ. ಜೇವರ್ಗಿಯ ಅಂಗಡಿಗಳಲ್ಲಿ ಆ್ಯಪ್ ನಡೆಯುತ್ತಲೇ ಇರುತ್ತದೆ, ಸುಧಾರಣೆ ಕಳಿಸುವವರು ಇಲ್ಲ. ಮಳಿಗೆಯಲ್ಲಿ ಸಹಯೋಗಿಗಳನ್ನು ಸೇರಿಸುವ ಅವಕಾಶವಿದೆ. ಅವರೂ ತಮ್ಮ ಖಾತೆಯಿಂದ ಹೊಸ ಆವೃತ್ತಿ ಕಳಿಸಬಹುದು. ಮೊದಲ ವಾರದಲ್ಲೇ ಇನ್ನೊಬ್ಬರನ್ನು ಸೇರಿಸಿಡುವುದು ಆ್ಯಪ್ ಬರೆದಷ್ಟೇ ಮುಖ್ಯ. ನಮ್ಮ ಭಾಗದಲ್ಲಿ ಕಲಿತವರು ಊರು ಬಿಡುವುದು ಸಾಮಾನ್ಯ. ಅವರು ಬಿಟ್ಟುಹೋದ ಕೆಲಸ ಊರಲ್ಲಿ ಉಳಿಯುವಂತೆ ಮಾಡುವ ದಾರಿ ಇದೊಂದೇ.

ಸ್ನ್ಯಾಪ್‌ಕ್ರಾಫ್ಟ್ ಅಪ್‌ಲೋಡ್ --ರಿಲೀಸ್=ಎಡ್ಜ್ ತೊಗರಿ-ಲೆಕ್ಕ_0.1_ಎಎಂಡಿ64.ಸ್ನ್ಯಾಪ್

ಕಡತ ಮೇಲೇರುತ್ತದೆ, ಯಂತ್ರದ ತಪಾಸಣೆಯಾಗುತ್ತದೆ, ಮಳಿಗೆ ಅದಕ್ಕೊಂದು ರಿವಿಷನ್ ಸಂಖ್ಯೆ ಕೊಡುತ್ತದೆ: 1, ಮುಂದಿನದಕ್ಕೆ 2. ನೀವಿಡುವ 0.1ಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಎಡ್ಜ್’ ಎಂಬುದು ನಾಲ್ಕು ಹಂತಗಳಲ್ಲಿ ಅತಿ ಕಚ್ಚಾ ಹಂತ; ಮೇಲೆ ಬೀಟಾ, ಕ್ಯಾಂಡಿಡೇಟ್, ಕೊನೆಗೆ ಸ್ಟೇಬಲ್. ಕಡತದಲ್ಲಿ ‘ಗ್ರೇಡ್: ಡೆವೆಲ್’ ಎಂದು ಬರೆದಿದ್ದರೆ ಮೇಲಿನ ಎರಡು ಹಂತಗಳಿಗೆ ಮಳಿಗೆಯೇ ಬಿಡುವುದಿಲ್ಲ.

ಎಡ್ಜ್‌ನಲ್ಲಿ ಹಾಕಿದ್ದನ್ನು ಕೇಳಿ ಪಡೆದವರಷ್ಟೇ ಪಡೆಯುತ್ತಾರೆ. ಪರಿಚಯದ ಒಂದೆರಡು ಅಂಗಡಿಯವರು ಅದನ್ನು ತೊಗರಿ ಪೇಟೆಯ ಒಂದು ವಾರ ಬಳಸಿ ನೋಡಲಿ. ಹಮಾಲಿ ಲೆಕ್ಕದಲ್ಲಿ ಪೈಸೆ ತಪ್ಪಿದರೂ ಅವರ ಕಣ್ಣಿಗೆ ಬೀಳುತ್ತದೆ, ಯಾವ ಪರೀಕ್ಷಾ ಕೋಡಿಗೂ ಬೀಳದಷ್ಟು ಬೇಗ.

ಸ್ನ್ಯಾಪ್‌ಕ್ರಾಫ್ಟ್ ರಿಲೀಸ್ ತೊಗರಿ-ಲೆಕ್ಕ 7 ಸ್ಟೇಬಲ್

ಏಳನೆಯ ರಿವಿಷನ್ ಎಲ್ಲರಿಗೂ ಹೋಗಲಿ ಎಂಬ ಆಜ್ಞೆ. ಮತ್ತೆ ಕಟ್ಟುವುದಿಲ್ಲ, ಮತ್ತೆ ಏರಿಸುವುದಿಲ್ಲ; ಪರೀಕ್ಷೆ ದಾಟಿದ ಅದೇ ಕಡತ ಮುಂದಿನ ಹಂತಕ್ಕೆ ಸರಿಯುತ್ತದೆ. ಇಲ್ಲಿಂದ ಮುಂದೆ, ಅಂತರಜಾಲ ಇರುವ ಗಣಕಗಳು ದಿನಕ್ಕೆ ನಾಲ್ಕು ಸಲ ಮಳಿಗೆಯನ್ನು ವಿಚಾರಿಸಿ ತಾವೇ ಹೊಸದನ್ನು ತಂದುಕೊಳ್ಳುತ್ತವೆ. ಅಂಗಡಿಯವರ ಅಪ್ಪಣೆಗೆ ಕಾಯುವುದಿಲ್ಲ. ಅದಕ್ಕೇ ಈ ಸಾಲನ್ನು ಶನಿವಾರ ರಾತ್ರಿಯಾಗಲಿ, ತೊಗರಿ ಆವಕ ಉಕ್ಕುವ ದಿನಗಳಲ್ಲಾಗಲಿ ಒತ್ತಬಾರದು. ಏನಾದರೂ ಕೆಟ್ಟರೆ ಸರಿಪಡಿಸಲು ನೀವು ಎದ್ದಿರಬೇಕು.

ಸುಡೊ ಸ್ನ್ಯಾಪ್ ರಿವರ್ಟ್ ತೊಗರಿ-ಲೆಕ್ಕ

ಇದು ಅಂಗಡಿಯಲ್ಲಿ ಒತ್ತುವ ಸಾಲು. “ಹಳೇದೇ ಚಲೋ ಇತ್ರೀ ತಂಗಿ, ಅದನ್ನೇ ವಾಪಸ್ ಹಾಕ್ರಿ” ಎಂದು ಫೋನ್ ಬಂದಾಗ ಹೇಳಿಕೊಡಬೇಕಾದದ್ದು. ಹಿಂದಿನ ರಿವಿಷನ್ ಗಣಕದಲ್ಲೇ ಉಳಿದಿರುತ್ತದೆ, ನೆಟ್ ಇಲ್ಲದೆಯೂ ಹಿಂದಕ್ಕೆ ಹೋಗಬಹುದು.

ಆದರೆ ಒಂದು ಎಚ್ಚರ ಬೇಕು. ಪ್ರತಿ ರಿವಿಷನ್ನಿಗೂ ಬೇರೆ ಡೇಟಾ ಫೋಲ್ಡರಿರುತ್ತದೆ. ಹೊಸದು ಬಂದಾಗ ಹಳೆಯದರ ಪ್ರತಿ ತೆಗೆಯಲಾಗುತ್ತದೆ. ಹಿಂದಕ್ಕೆ ಹೋದರೆ ಹಳೆಯ ಪ್ರತಿಯೇ ಮುಂದೆ ಬರುತ್ತದೆ. ಸೋಮವಾರ ಆ್ಯಪ್ ಬದಲಾಯಿತು, ಬುಧವಾರ ಹಿಂದಕ್ಕೆ ಹೋದರು ಎಂದರೆ, ನಡುವಿನ ಎರಡು ದಿನ ಬರೆದ ಪಟ್ಟಿಗಳು ಕಾಣುವುದೇ ಇಲ್ಲ. ರೈತರಿಗೆ ಹಣ ಕೊಟ್ಟ ದಾಖಲೆ ಅದು. ಅಂಗಡಿಯವರ ನಂಬಿಕೆ ಅಲ್ಲಿಗೇ ಮುಗಿಯಿತು. ಲೆಕ್ಕದ ಕಡತವನ್ನು ರಿವಿಷನ್ನಿಗೆ ಅಂಟದ ‘ಕಾಮನ್’ ಎಂಬ ಫೋಲ್ಡರಿನಲ್ಲಿ ಇಡುವಂತೆ ಮೊದಲೇ ಬರೆದಿದ್ದರೆ ಈ ಅಪಾಯವಿಲ್ಲ. ಜತೆಗೆ, ಹೊಸ ಆವೃತ್ತಿ ಬರೆದ ಕಡತವನ್ನು ಹಳೆಯದೂ ಓದುವಂತಿರಬೇಕು. ಈ ಇಡೀ ಸಾಲುಗಳ ಸರಣಿಯಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ಸ್ನ್ಯಾಪ್ ಡೌನ್‌ಲೋಡ್ ತೊಗರಿ-ಲೆಕ್ಕ
ಸುಡೊ ಸ್ನ್ಯಾಪ್ ಆ್ಯಕ್ ತೊಗರಿ-ಲೆಕ್ಕ_7.ಅಸರ್ಟ್
ಸುಡೊ ಸ್ನ್ಯಾಪ್ ಇನ್‌ಸ್ಟಾಲ್ ತೊಗರಿ-ಲೆಕ್ಕ_7.ಸ್ನ್ಯಾಪ್

ಭೀಮೆಯ ದಂಡೆಯ ಹಳ್ಳಿಗಳ ನೆಟ್ ಹೇಗಿರುತ್ತದೆಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಹಾಗಾದರೆ ಮಳಿಗೆ ಅವರಿಗೆ ಅಲ್ಲವೇ? ಅವರಿಗೂ ಹೌದು, ಪೆನ್‌ಡ್ರೈವಿನ ಮೂಲಕವೇ. ನೆಟ್ ಇರುವಲ್ಲಿ ಮೊದಲ ಸಾಲು ಒತ್ತಿದರೆ ಎರಡು ಕಡತ ಇಳಿಯುತ್ತವೆ: ಆ್ಯಪ್, ಮತ್ತು ‘.ಅಸರ್ಟ್’ ಎಂಬ ಸಹಿಪತ್ರ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದ ಗುರುತು ಬೇಳೆಯ ಮೂಲ ಹೇಳುವಂತೆ, ಈ ಪತ್ರ ಆ್ಯಪನ್ನು ಯಾವ ಖಾತೆ ಪ್ರಕಟಿಸಿತು, ಕಡತ ದಾರಿಯಲ್ಲಿ ಬದಲಾಗಿಲ್ಲವೇ ಎಂಬುದನ್ನು ಹೇಳುತ್ತದೆ. ಹಳ್ಳಿಯ ಗಣಕದಲ್ಲಿ ಎರಡನೆಯ ಸಾಲು ಆ ಪತ್ರವನ್ನು ಒಪ್ಪಿಸುತ್ತದೆ, ಮೂರನೆಯದು ಆ್ಯಪ್ ಹಾಕುತ್ತದೆ. ‘ಡೇಂಜರಸ್’ ಎಂಬ ಪದ ಬೇಕಾಗಲಿಲ್ಲ ಗಮನಿಸಿ.

ಹೊರಡುವ ಮುನ್ನ ಕೋರ್24 ಬುನಾದಿಯನ್ನೂ ಇದೇ ರೀತಿ ಇಳಿಸಿ ಒಯ್ಯಬೇಕು. ಡೆಸ್ಕ್‌ಟಾಪ್ ಆ್ಯಪುಗಳಿಗೆಂದೇ ಇರುವ ‘ಗ್ನೋಮ್’ ಎಕ್ಸ್‌ಟೆನ್ಷನ್ ಬಳಸಿ ಕಟ್ಟಿದ್ದರೆ ಅದು ನಂಬಿರುವ ಕೂಡು ಪ್ಯಾಕೇಜೂ ಬೇಕು, ನೂರಾರು ಎಂಬಿ ಆಗುತ್ತದೆ. ಇವನ್ನು ಒಯ್ಯದಿದ್ದರೆ ಅಷ್ಟು ದೂರ ಹೋಗಿ ಆ್ಯಪ್ ತೆರೆಯದೆ ಬರಬೇಕಾದೀತು.

ಅಂಗಡಿಗಳಲ್ಲಿ ವಿಂಡೋಸೇ ಹೆಚ್ಚಲ್ಲವೇ ಎಂದು ಕೇಳುವವರಿದ್ದಾರೆ, ನಿಜ. ಮೈಕ್ರೋಸಾಫ್ಟ್ ಮಳಿಗೆಗೂ ‘ಎಂಎಸ್‌ಸ್ಟೋರ್’ ಎಂಬ ಟರ್ಮಿನಲ್ ಸಾಧನವಿದೆ. ಇನಿಟ್, ಪ್ಯಾಕೇಜ್, ಪಬ್ಲಿಶ್ ಎಂಬ ಸಾಲುಗಳು ಅಲ್ಲಿಯೂ ಇವೆ. ವೈಯಕ್ತಿಕವಾಗಿ ನೋಂದಾಯಿಸುವವರಿಗೆ ಇದ್ದ ಶುಲ್ಕವನ್ನು 2025ರಲ್ಲಿ ತೆಗೆದರು. ಕಡಗಂಚಿಯ ಹುಡುಗಿ ಎರಡೂ ಕಡೆ ಹೋಗಬಹುದು.

ಮತ್ತೆ ಸ್ನ್ಯಾಪ್ ಮಳಿಗೆಗೆ ಬಂದರೆ, ಪೆನ್‌ಡ್ರೈವಿನಿಂದ ಹಾಕಿದ ಆ್ಯಪ್ ಮುಂದೆ ಎಂದಾದರೂ ಗಣಕಕ್ಕೆ ನೆಟ್ ಸಿಕ್ಕಾಗ ತಾನಾಗಿಯೇ ಮಳಿಗೆಯಿಂದ ಹೊಸ ರಿವಿಷನ್ ತರಿಸಿಕೊಳ್ಳುತ್ತದೆ. ಫೋನಿನ ಡೇಟಾ ಮೇಲೆ ಅದು ಬೀಳಬಾರದೆಂದರೆ, ಆ ಸಂಪರ್ಕವನ್ನು ಗಣಕದಲ್ಲಿ ‘ಮೀಟರ್ಡ್’ ಎಂದು ಗುರುತು ಮಾಡಿ, ‘ಸುಡೊ ಸ್ನ್ಯಾಪ್ ಸೆಟ್ ಸಿಸ್ಟಮ್ ರಿಫ್ರೆಶ್.ಮೀಟರ್ಡ್=ಹೋಲ್ಡ್’ ಎಂದು ಒಮ್ಮೆ ಒತ್ತಿಟ್ಟರಾಯಿತು. ಅಫಜಲಪುರದಿಂದ ದೂರು ಬಂದರೆ ಮೊದಲು ‘ಸ್ನ್ಯಾಪ್ ಲಿಸ್ಟ್’ ಒತ್ತಿಸಿ, ಆ್ಯಪಿನ ಹೆಸರಿನ ಮುಂದಿರುವ ರಿವಿಷನ್ ಸಂಖ್ಯೆ ಕೇಳಿ, ಆಮೇಲೆ ಉಳಿದ ಮಾತು.