ಫ್ರೈಡೆಯ ನಾಲಗೆ

ಡೀಫೋನ ‘ರಾಬಿನ್‌ಸನ್ ಕ್ರೂಸೋ’ 1719ರಲ್ಲಿ ಹೊರಬಂದ ಕಾದಂಬರಿ. ಹುಡುಗನಾಗಿದ್ದಾಗ ನಾನು ಅದರ ಸಂಗ್ರಹವನ್ನು ಸಾಹಸಿಯೊಬ್ಬನ ಕಥೆಯೆಂದೇ ಓದಿದೆ. ಹಡಗು ಒಡೆದದ್ದು ಗುಲಾಮರನ್ನು ತರಲು ಗಿನಿಯತ್ತ ಹೊರಟ ದಾರಿಯಲ್ಲೆಂಬುದು ತಿಳಿದದ್ದು ಮೂಲವನ್ನು ಓದಿದ ಮೇಲೆ. ತಾನು ಪ್ರಾಣ ಉಳಿಸಿದವನ ಹೆಸರನ್ನು ಕ್ರೂಸೋ ಕೇಳುವುದಿಲ್ಲ. ಅಂದು ಶುಕ್ರವಾರವಾದ್ದರಿಂದ ‘ಫ್ರೈಡೆ’ ಎಂದು ತಾನೇ ಹೆಸರಿಟ್ಟು, ತನ್ನನ್ನು ‘ಒಡೆಯ’ ಎನ್ನಲು ಕಲಿಸುತ್ತಾನೆ.

ಇಂಥ ಕಥೆಯನ್ನು ಮತ್ತೆ ಹೇಳಹೊರಟವರು ಫ್ರೈಡೆಗೆ ಮಾತು ಕೊಡುವರೆಂದು ನಾವು ನಿರೀಕ್ಷಿಸುವುದು ಸಹಜ. ಫ್ರಾನ್ಸಿನ ಮಿಶೆಲ್ ಟೂರ್ನಿಯೆ 1967ರಲ್ಲಿ ಅವನಿಗೆ ನಗುವನ್ನಾದರೂ ಕೊಟ್ಟರು. ಅವನು ಕದ್ದು ಸೇದಿದ ಪೈಪಿನ ಕಿಡಿಯಿಂದ ಮದ್ದು ಸಿಡಿದು ಒಡೆಯನ ಕಟ್ಟಳೆಗಳೆಲ್ಲ ಹಾರಿಹೋಗುತ್ತವೆ. ದಕ್ಷಿಣ ಆಫ್ರಿಕದ ಬಿಳಿಯ ಲೇಖಕ ಜೆ. ಎಂ. ಕುಟ್ಸೀಯವರ ‘ಫೋ’ (1986) ಕಾದಂಬರಿಯಲ್ಲಾದರೋ ಫ್ರೈಡೆಗೆ ನಾಲಗೆಯೇ ಇಲ್ಲ. ಗುಲಾಮರ ವ್ಯಾಪಾರಿಗಳು ಕತ್ತರಿಸಿದರೆಂದು ಕ್ರೂಸೋ ಹೇಳುತ್ತಾನೆ. ಅವನೇ ಕತ್ತರಿಸಿರಬಾರದೇಕೆ ಎಂಬ ಸಂಶಯವೂ ಉಳಿಯುತ್ತದೆ.

ಮೊದಲ ಓದಿನಲ್ಲಿ ನನಗೆ ಸಿಟ್ಟೇ ಬಂದಿತ್ತು. ಇನ್ನೂರೈವತ್ತು ವರ್ಷಕ್ಕೂ ಮಿಕ್ಕಿ ಸುಮ್ಮನಿದ್ದವನನ್ನು ಪೂರ್ತಿ ಮೂಗನನ್ನಾಗಿಸುವುದೆ? ಆದರೆ ಹಲಗೆಯ ಸನ್ನಿವೇಶವೊಂದಿದೆ. ದ್ವೀಪದಿಂದ ಅವನನ್ನು ಲಂಡನ್ನಿಗೆ ಕರೆತಂದ ಸೂಸನ್ ಬಾರ್ಟನ್ ಅವನಿಗೆ ಅಕ್ಷರ ಕಲಿಸಲು ಕೂರುತ್ತಾಳೆ. ಅವನು ಹಲಗೆಯ ಮೇಲೆ ಬರೆಯುವುದು ಕಣ್ಣುಗಳನ್ನು. ಒಂದೊಂದು ಕಣ್ಣಿಗೂ ಒಂದೊಂದು ಮನುಷ್ಯಪಾದ. ಅವಳು ಕಸಿದುಕೊಳ್ಳಹೋದರೆ ಬೆರಳಿಗೆ ಎಂಜಲು ಹಚ್ಚಿ ಒರೆಸಿಬಿಡುತ್ತಾನೆ. ಅವಳದು ಕರುಣೆಯೇ, ನಿಜ. ಆದರೆ ಅವಳ ಪುಸ್ತಕಕ್ಕೆ ಅವನ ಕಥೆ ಬೇಕಾಗಿದೆ. ಫ್ರೈಡೆ ಕೊಡುವುದಿಲ್ಲ. ವರ್ಣಭೇದದ ಆಡಳಿತ ಇನ್ನೂ ನಡೆಯುತ್ತಿದ್ದಾಗ ಬಿಳಿಯನೊಬ್ಬ ಅವನ ಬಾಯಲ್ಲಿ ತನ್ನ ವಾಕ್ಯಗಳನ್ನಿಟ್ಟು, ಇದೇ ಅವನ ದನಿ ಎಂದಿದ್ದರೆ ನಾವು ಮೆಚ್ಚಿ ಮೋಸಹೋಗುತ್ತಿದ್ದೆವು.

ಆದರೂ ನನ್ನದೊಂದು ತಕರಾರಿದೆ. ಡೀಫೋನ ಫ್ರೈಡೆ ಕೆರಿಬಿಯನ್ ಸೀಮೆಯ ಮೂಲನಿವಾಸಿ; ಅವನ ಕೂದಲು ಉದ್ದ, ಉಣ್ಣೆಯಂತೆ ಸುರುಳಿಯಲ್ಲ ಎಂದು ಡೀಫೋ ಒತ್ತಿ ಹೇಳುತ್ತಾನೆ. ಕುಟ್ಸೀ ಅವನನ್ನು ಆಫ್ರಿಕದವನನ್ನಾಗಿ ಮಾಡಿದ್ದಾರೆ. ಆಫ್ರಿಕದ ನೋವನ್ನು ಕಾಣಿಸಹೋಗಿ ಆ ದ್ವೀಪಗಳ ಮನುಷ್ಯ ಕಣ್ಮರೆಯಾದ. ಅಷ್ಟೇ ಅಲ್ಲ. ಡೀಫೋನಲ್ಲಿ ಅವನಿಗೆ ನಾಲಗೆಯಿತ್ತು, ಅರೆಬರೆ ಇಂಗ್ಲಿಷಾದರೇನು! ಕ್ರೂಸೋ ಧರ್ಮಬೋಧೆಗೆ ತೊಡಗಿದಾಗ ಅವನು ಕೇಳುತ್ತಾನೆ: ದೇವರು ಸೈತಾನನಿಗಿಂತ ಬಲಶಾಲಿಯಾದರೆ ಅವನನ್ನೇಕೆ ಕೊಲ್ಲಲಿಲ್ಲ? ಒಡೆಯನಿಗೆ ಉತ್ತರ ತೋಚದು. ಕೇಳಿಸಲಿಲ್ಲವೆಂಬಂತೆ ನಟಿಸಿ, ಏನೆಂದೆ ಎನ್ನುತ್ತಾನೆ. ಫ್ರೈಡೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತಾನೆ. ‘ಫೋ’ದಲ್ಲಿ ಈ ಫ್ರೈಡೆಗೆ ಎಡೆಯಿಲ್ಲದ್ದು ನನಗೆ ನಷ್ಟವಾಗಿಯೇ ತೋರುತ್ತದೆ.